ಬೆಂಗಳೂರು ವಕೀಲರ ಸಂಘದ ಸೇವೆ: ಕಕ್ಷಿದಾರರ ಕಡೆಯಿಂದ ಒಂದು ವಿಮರ್ಶೆ

ವಕೀಲರ ಸಂಘವೆಂದರೆ ಗ್ರಂಥಾಲಯ, ಕ್ಯಾಂಟೀನು, ಕ್ಷೇಮನಿಧಿ ಅಷ್ಟೇ ಎಂದುಕೊಂಡವರು ಬೆಂಗಳೂರು ವಕೀಲರ ಸಂಘವು 2021ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ನ್ಯಾಯಾಂಗ ನಿಂದನೆ ಅರ್ಜಿಯನ್ನು ಗಮನಿಸಬೇಕು. ನ್ಯಾಯಮೂರ್ತಿಗಳ ನೇಮಕಕ್ಕೆ ಹೆಸರು ಶಿಫಾರಸು ಮಾಡುವ ಹಿರಿಯ ನ್ಯಾಯಮೂರ್ತಿಗಳ ಮಂಡಳಿಯಾದ ಕೊಲಿಜಿಯಂ ಪುನರುಚ್ಚರಿಸಿದ ಹೆಸರುಗಳನ್ನು ಮೂರು-ನಾಲ್ಕು ವಾರಗಳಲ್ಲಿ ನೇಮಕ ಮಾಡಬೇಕೆಂದು ಅದೇ ವರ್ಷದ ಏಪ್ರಿಲ್‌ನಲ್ಲಿ ನ್ಯಾಯಾಲಯ ಹೇಳಿದ್ದರೂ ಕೇಂದ್ರ ಸರ್ಕಾರ ಕಡತಗಳನ್ನು ಹಿಡಿದಿಟ್ಟುಕೊಂಡಿದೆ ಎಂಬುದು ಸಂಘದ ದೂರಾಗಿತ್ತು. 2022ರ ನವೆಂಬರ್‌ನಲ್ಲಿ ನ್ಯಾಯಾಲಯ ಉತ್ತರ ಕೇಳಿ ನೋಟಿಸು ನೀಡಿತು. ನ್ಯಾಯಮೂರ್ತಿಗಳ ಹುದ್ದೆ ಖಾಲಿ ಉಳಿದರೆ ಅದರ ಬಿಸಿ ತಟ್ಟುವುದು ಕಕ್ಷಿದಾರನಿಗೇ ಆದ್ದರಿಂದ, ಸಂಘದ ಸೇವೆಗಳಲ್ಲಿ ನಾನು ಹೆಚ್ಚಿನ ಅಂಕ ಕೊಡುವುದು ಇದಕ್ಕೆ.

ಆಂತರಿಕ ಆಡಳಿತದಲ್ಲಿ ಅಂಕ ಕಡಿಮೆ. ಖಜಾಂಚಿ ಹುದ್ದೆಯನ್ನು ಮಹಿಳೆಯರಿಗೆ ಮೀಸಲಿಡುವಂತೆ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಸಮಾನತೆಯ ಪರ ವಾದಿಸುವವರ ಸಂಘಕ್ಕೆ ಇದು ಶೋಭೆ ತರುವ ಸಂಗತಿಯಲ್ಲ.

ಕಲಾಪ ಬಹಿಷ್ಕಾರದ ವಿಷಯದಲ್ಲಂತೂ ದೇಶದ ಯಾವ ಸಂಘಕ್ಕೂ ರಿಯಾಯಿತಿ ತೋರಲಾರೆ. ವಕೀಲರಿಗೆ ಮುಷ್ಕರದ ಹಕ್ಕಿಲ್ಲವೆಂದು 2002ರ ಡಿಸೆಂಬರ್‌ನಲ್ಲೇ ತೀರ್ಪು ಬಂದಿದ್ದರೂ, ಮೊದಲ ಬಸ್ಸಿಗೆ ಊರು ಬಿಟ್ಟು ಬಂದು, ಕಾಗದಪತ್ರದ ಚೀಲ ಹಿಡಿದು ಮೊಗಸಾಲೆಯಲ್ಲಿ ಕಾಯುವ ಕಕ್ಷಿದಾರನಿಗೆ ಅಂಥ ದಿನಗಳಲ್ಲಿ ಸಿಗುವುದು ಮುಂದಿನ ವಾಯಿದೆ ಮಾತ್ರ.