ಸಾಗರದ ಗೆಳೆಯರ ಮನೆಗೆ ತಾಳಗುಪ್ಪ ರೈಲು: ಯಾರಿಗೆ ಸರಿ, ಯಾರಿಗೆ ಬೇಡ

ರಜೆ ಸಿಕ್ಕಿತೆಂದು ಹಳೇ ಸ್ನೇಹಿತರ ಮನೆಗೆ ಹೊರಡುವವರು ಸಾಮಾನ್ಯವಾಗಿ ತಮ್ಮ ಅನುಕೂಲ ನೋಡಿ ಟಿಕೆಟ್ ಮಾಡಿಸುತ್ತಾರೆ. ಮಲೆನಾಡಿನಲ್ಲಿ ಅದು ಅರ್ಧ ಲೆಕ್ಕ. ಇಲ್ಲಿ ರೈಲೋ ಬಸ್ಸೋ ಇಳಿದ ಮೇಲೆ ಮನೆ ಮುಟ್ಟುವುದೇ ಇನ್ನೊಂದು ಪ್ರಯಾಣ. ಕರೆದೊಯ್ಯಲು ಬರುವವರು ಕತ್ತಲಲ್ಲಿ, ಮಳೆಗಾಲವಾದರೆ ಕೆಸರಿನಲ್ಲಿ, ತೋಟದ ದಾರಿ ದಾಟಿ ಹತ್ತು ಹದಿನೈದು ಕಿಲೋಮೀಟರ್ ಬರಬೇಕು. ಅದಕ್ಕೇ ಮೈಸೂರಿನಿಂದ ಬೆಂಗಳೂರು, ಶಿವಮೊಗ್ಗ ಹಾದು ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲನ್ನು (16227) ಇಲ್ಲಿ ಒಂದೇ ತಕ್ಕಡಿಯಲ್ಲಿ ತೂಗಿದ್ದೇವೆ: ಬಂದವರನ್ನು ಅದು ಮನೆಯವರಿಗೆ ಹೊರೆಯಾಗದ ಹೊತ್ತಿಗೆ ಇಳಿಸುತ್ತದೆಯೇ?

ಸಾಗರ, ತಾಳಗುಪ್ಪ, ಸಿದ್ದಾಪುರ ಕಡೆಯ ಮನೆಗಾದರೆ ಕಣ್ಣುಮುಚ್ಚಿ ಹತ್ತಬಹುದು. ಶಿವಮೊಗ್ಗ ಪೇಟೆಯೊಳಗಿನ ಮನೆಗಾದರೆ ಬೇಡ. ತೀರ್ಥಹಳ್ಳಿ, ಹೊಸನಗರಕ್ಕೆ ರೈಲೇ ಇಲ್ಲ. ಅಲ್ಲಿಗೆ ಹೋಗುವವರು ಶಿವಮೊಗ್ಗದಲ್ಲಿ ನಸುಕಿಗೆ ಇಳಿದು ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಓಡುವ ಬದಲು ಬೆಂಗಳೂರಿನಿಂದ ನೇರ ಬಸ್ಸಿನಲ್ಲೇ ಹೋಗುವುದು ಒಳ್ಳೆಯದು.

ಕಾರಣವೆಲ್ಲ ಗಡಿಯಾರದ್ದು. ರೈಲು ಬೆಂಗಳೂರನ್ನು ರಾತ್ರಿ ಹತ್ತೂವರೆ, ಹನ್ನೊಂದರ ಸುಮಾರಿಗೆ ಬಿಡುತ್ತದೆ. ಶಿವಮೊಗ್ಗ ಬರುವುದು ನಸುಕಿನ ನಾಲ್ಕೂವರೆ ಆಸುಪಾಸು, ಸಾಗರ ಆರು ಆರೂವರೆಗೆ, ತಾಳಗುಪ್ಪ ಏಳರ ಸುಮಾರಿಗೆ. ವೇಳಾಪಟ್ಟಿ ಆಗಾಗ ಹತ್ತಿಪ್ಪತ್ತು ನಿಮಿಷ ಆಚೀಚೆ ಆಗುವುದರಿಂದ ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ. ನಾಲ್ಕೂವರೆಗೆ ಶಿವಮೊಗ್ಗದಲ್ಲಿ ಇಳಿದರೆ ಸ್ನೇಹಿತರ ಮನೆ ಬಾಗಿಲು ಬಡಿಯುವುದು ಐದು ಗಂಟೆಗೆ. ಮಕ್ಕಳು ಮಲಗಿರುತ್ತಾರೆ, ಮನೆಯವರು ಅರೆನಿದ್ದೆಯಲ್ಲಿ ಕಾಫಿಗೆ ಹಾಲು ಹುಡುಕುತ್ತಾರೆ. ಅದೇ ಸಾಗರದಲ್ಲಿ ಆರೂವರೆಗೆ ಇಳಿದರೆ ಏಳೂವರೆ ಹೊತ್ತಿಗೆ ಹಳ್ಳಿ ಮನೆಯ ಅಂಗಳದಲ್ಲಿರುತ್ತೀರಿ. ಅಷ್ಟರಲ್ಲಿ ಬಚ್ಚಲ ಒಲೆ ಉರಿದು ಹಂಡೆಯ ನೀರು ಕುದಿದಿರುತ್ತದೆ, ಕೊಟ್ಟಿಗೆ ಕೆಲಸ ಮುಗಿದಿರುತ್ತದೆ, ತೆಳ್ಳೇವು ಎಂಬ ತೆಳು ದೋಸೆಯ ಕಾವಲಿ ಒಲೆಯ ಮೇಲಿರುತ್ತದೆ. “ಬನ್ನಿ ಬನ್ನಿ, ಆಸರಿಗೆ (ಕುಡಿಯಲು) ಏನು ಮಾಡಲಿ?” ಎನ್ನುವ ಮಾತು ಆಯಾಸವಿಲ್ಲದೆ ಬರುವ ಹೊತ್ತು ಅದು. ಇದೊಂದಕ್ಕೇ ಈ ರೈಲಿಗೆ ನಾವು ಐದರಲ್ಲಿ ನಾಲ್ಕು ಕೊಡುತ್ತೇವೆ.

ಶಿವಮೊಗ್ಗ ಪೇಟೆಗೇ ಹೋಗುವವರಿಗೆ ಸಂಜೆ ಬೆಂಗಳೂರು ಬಿಡುವ ಜನಶತಾಬ್ದಿ ಸರಿಯಾದದ್ದು. ರಾತ್ರಿ ಮಲಗುವ ಮುಂಚೆ ಮನೆ ಸೇರಬಹುದು. ಮೈಸೂರಿನಿಂದ ಹಗಲಲ್ಲಿ ದಾರಿ ನೋಡುತ್ತಾ ಬರಬೇಕೆನ್ನುವವರಿಗೆ ಕುವೆಂಪು ಎಕ್ಸ್‌ಪ್ರೆಸ್ ಇದೆ. ಶಿವಮೊಗ್ಗ ಬಳಿಯ ಸೋಗಾನೆಯ ವಿಮಾನ ನಿಲ್ದಾಣ 2023ರಲ್ಲಿ ಶುರುವಾಗಿದೆ ನಿಜ, ಆದರೆ ಸಾಗರದ ಗೆಳೆಯರ ಮನೆಗೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಇಳಿದ ಮೇಲೂ ರಸ್ತೆಯಲ್ಲಿ 70 ಕಿಲೋಮೀಟರಿಗಿಂತ ಹೆಚ್ಚು ಉಳಿದಿರುತ್ತದೆ.

ಟಿಕೆಟ್ ಮಾಡಿಸುವಾಗ ಮೊದಲ ತಪ್ಪು ಆಗುವುದು ಊರಿನ ಹೆಸರಿನಲ್ಲೇ. ಸಾಗರದ ನಿಲ್ದಾಣಕ್ಕೆ ರೈಲ್ವೆಯ ಪಟ್ಟಿಯಲ್ಲಿ ‘ಸಾಗರ ಜಂಬಗಾರು’ ಎಂದು ಹೆಸರು, ಸಂಕೇತ ಎಸ್‌ಆರ್‌ಎಫ್. ಮಧ್ಯಪ್ರದೇಶದಲ್ಲಿ ಇದೇ ಹೆಸರಿನ ದೊಡ್ಡ ಊರಿದೆ. ಬರೀ ಸಾಗರ ಎಂದು ಹುಡುಕಿ, ರೈಲೇ ಇಲ್ಲವೆಂದುಕೊಂಡು ಬಸ್ಸಿಗೆ ಹೋಗುವವರು ಇದ್ದಾರೆ. ಶಿವಮೊಗ್ಗದಲ್ಲೂ ಹಾಗೇ. ‘ಶಿವಮೊಗ್ಗ ಟೌನ್’, ಅಂದರೆ ಎಸ್‌ಎಂಇಟಿ ಎಂದಿರುವುದೇ ಮುಖ್ಯ ನಿಲ್ದಾಣ.

ಎರಡನೆಯದು ದಿನಾಂಕ. ಬೆಂಗಳೂರಿನವರಿಗೆ ತೊಂದರೆಯಿಲ್ಲ. ಅರಸೀಕೆರೆ, ಕಡೂರು, ಬೀರೂರಿನಲ್ಲಿ ಹತ್ತುವವರು ಎಚ್ಚರ ವಹಿಸಬೇಕು. ರೈಲು ಅಲ್ಲಿಗೆ ಬರುವುದು ಮಧ್ಯರಾತ್ರಿ ಕಳೆದ ಮೇಲೆ. ಶುಕ್ರವಾರ ರಾತ್ರಿಯ ರೈಲಿಗೆ ಅರಸೀಕೆರೆಯವರ ಟಿಕೆಟ್ಟಿನ ಮೇಲೆ ಶನಿವಾರದ ದಿನಾಂಕ ಇರಬೇಕು. ಶುಕ್ರವಾರ ಎಂದು ಮಾಡಿಸಿದರೆ ಅದು ಗುರುವಾರ ಮೈಸೂರು ಬಿಟ್ಟ ಗಾಡಿಯ ಟಿಕೆಟ್ಟು. ನೀವು ಸ್ಟೇಷನ್ನಿಗೆ ಬರುವ ಹೊತ್ತಿಗೆ ಅದು ಒಂದು ದಿನ ಹಳೆಯದಾಗಿರುತ್ತದೆ. ತತ್ಕಾಲ್ ಲೆಕ್ಕ ಮಾತ್ರ ಗಾಡಿ ಹೊರಡುವ ಮೂಲ ನಿಲ್ದಾಣದ ದಿನದ ಮೇಲೆ. ಶುಕ್ರವಾರ ಮೈಸೂರು ಬಿಡುವ ರೈಲಿಗೆ, ನೀವು ಎಲ್ಲೇ ಹತ್ತಿ, ಗುರುವಾರ ಬೆಳಿಗ್ಗೆಯೇ ತತ್ಕಾಲ್ ತೆರೆಯುತ್ತದೆ: ಎಸಿಗೆ ಹತ್ತಕ್ಕೆ, ಸ್ಲೀಪರಿಗೆ ಹನ್ನೊಂದಕ್ಕೆ. ಆನ್‌ಲೈನ್ ತತ್ಕಾಲಿಗೆ 2025ರ ಜುಲೈಯಿಂದ ಖಾತೆಗೆ ಆಧಾರ್ ಜೋಡಿಸಿರಬೇಕು. ಆ ಕೆಲಸವನ್ನು ಹಿಂದಿನ ದಿನವೇ ಮುಗಿಸಿಡಿ, ಹತ್ತು ಗಂಟೆಗೆ ಒಟಿಪಿ ಕಾಯುತ್ತಾ ಕೂತರೆ ಸೀಟು ಹೋಗಿರುತ್ತದೆ. ಖಚಿತವಾದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಹಣ ವಾಪಸ್ ಬರುವುದಿಲ್ಲ. ಹಾಗಾಗಿ ಗೆಳೆಯರು ಮನೆಯಲ್ಲಿರುವುದನ್ನು ಮೊದಲು ಖಚಿತ ಮಾಡಿಕೊಳ್ಳಿ.

ಸಾಮಾನ್ಯ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ದಸರಾ, ದೀಪಾವಳಿ ವಾರಗಳಿಗೆ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆಗೆ ಆ ಮೊದಲ ದಿನವೇ ಮಾಡಿಸುವುದು ಕ್ಷೇಮ. ಸಾಗರಕ್ಕೆ ಸೀಟು ಕಾಣದಿದ್ದರೆ ಕೈಬಿಡುವ ಮೊದಲು ಎರಡು ದಾರಿ ನೋಡಿ. ತಾಳಗುಪ್ಪದವರೆಗೆ ಮಾಡಿಸಿ ಸಾಗರದಲ್ಲೇ ಇಳಿಯಬಹುದು. ಇಲ್ಲವೇ ಮೈಸೂರಿನಿಂದ ಮಾಡಿಸಿ ಹತ್ತುವ ಸ್ಥಳವನ್ನು ಬೆಂಗಳೂರು ಎಂದು ನಮೂದಿಸಬಹುದು. ಬೇರೆ ಬೇರೆ ನಿಲ್ದಾಣಗಳಿಗೆ ಬೇರೆ ಬೇರೆ ಕೋಟಾ ಇರುವುದರಿಂದ ಒಂದರಲ್ಲಿ ಇಲ್ಲದ ಸೀಟು ಇನ್ನೊಂದರಲ್ಲಿ ಇರುತ್ತದೆ. ದುಡ್ಡು ಸ್ವಲ್ಪ ಹೆಚ್ಚು ಹೋಗುತ್ತದೆ, ಅಷ್ಟೇ. ಹತ್ತುವ ಸ್ಥಳವನ್ನು ನಮೂದಿಸುವುದು ಮರೆತರೆ ಮಾತ್ರ ಮೈಸೂರಿನಿಂದ ಖಾಲಿ ಬಂದ ಬರ್ತನ್ನು ಟಿಸಿ ಬೇರೆಯವರಿಗೆ ಕೊಟ್ಟುಬಿಡುವ ಅಪಾಯವಿದೆ. ಆನ್‌ಲೈನ್ ಟಿಕೆಟ್ ಕೊನೆಯವರೆಗೂ ಪೂರ್ತಿ ವೇಟಿಂಗ್ ಲಿಸ್ಟಿನಲ್ಲೇ ಉಳಿದರೆ ತಾನಾಗಿ ರದ್ದಾಗುತ್ತದೆ. ಅದನ್ನು ಹಿಡಿದು ಸ್ಲೀಪರ್ ಬೋಗಿ ಹತ್ತಿದರೆ ಟಿಕೆಟ್ಟಿಲ್ಲದ ಪ್ರಯಾಣಿಕರ ಲೆಕ್ಕಕ್ಕೇ ಸೇರುತ್ತೀರಿ.

ಸ್ಲೀಪರೋ ಎಸಿಯೋ ಎಂಬ ಪ್ರಶ್ನೆಗೆ ಉತ್ತರ ತಿಂಗಳಿನಿಂದ ತಿಂಗಳಿಗೆ ಬೇರೆ. ಮಾರ್ಚಿನಿಂದ ಮೇ ತನಕ ಸ್ಲೀಪರ್ ಸಾಕು, ಕಡೂರು ದಾಟಿದ ಮೇಲೆ ಕಿಟಕಿಯಿಂದ ತಂಪು ಗಾಳಿ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸ್ಲೀಪರಿನಲ್ಲಿ ಕೆಳಗಿನ ಬರ್ತಿನವರು ಷಟರನ್ನು ಪೂರ್ತಿ ಕೆಳಗಿಳಿಸಿ ಕೊಂಡಿ ಬಿದ್ದಿದೆಯೇ ನೋಡಬೇಕು. ಒಂದು ಬೆರಳಷ್ಟು ಸಂದಿ ಉಳಿದರೂ ಓಡುವ ಗಾಡಿಯ ಗಾಳಿ ಎರಚಲನ್ನು ಒಳಕ್ಕೆ ತಂದು, ತಲೆಯ ಕಡೆಯ ಸೀಟು ಬೆಳಗಿನ ಹೊತ್ತಿಗೆ ಒದ್ದೆಯಾಗಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಸ್ಲೀಪರಾದರೆ ದಪ್ಪ ಕಂಬಳಿ ಕಡ್ಡಾಯ. ಅಲ್ಲಿ ಹಾಸಿಗೆ ಹೊದಿಕೆ ಕೊಡುವುದಿಲ್ಲ. ಮೂರು ಹಂತದ ಎಸಿಯಲ್ಲಿ ಬೆಡ್‌ಶೀಟ್, ದಿಂಬು, ಕಂಬಳಿ ಸಿಗುತ್ತವೆ. ಉದ್ದ ಕಾಲಿನವರು ಎಲ್ಲಿಯಾದರೂ ಸರಿ, ಸೈಡ್ ಬರ್ತ್ ತೆಗೆದುಕೊಳ್ಳಬೇಡಿ. ಪೂರ್ತಿ ಬರ್ತ್ ಸಿಗದ ಆರ್‌ಎಸಿ ಟಿಕೆಟ್ ಬಂದರೆ ಸೈಡ್ ಲೋಯರ್ ಒಂದನ್ನೇ ಇಬ್ಬರು ಹಂಚಿಕೊಂಡು ಕೂರಬೇಕು.

ಈ ಗಾಡಿಯ ನಾಜೂಕಿನ ಘಳಿಗೆ ಶಿವಮೊಗ್ಗ. ಬೋಗಿಯಲ್ಲಿ ಹೆಚ್ಚಿನವರು ಇಳಿಯುವುದು ಅಲ್ಲೇ. ದೀಪ ಹತ್ತುತ್ತವೆ, ಸೀಟಿನಡಿಯಿಂದ ಚೀಲ ಎಳೆಯುವ ಸದ್ದು, ನಿದ್ದೆಗಣ್ಣು. ಕಪ್ಪು ಬ್ಯಾಗಿಗೆ ಇನ್ನೊಂದು ಕಪ್ಪು ಬ್ಯಾಗು ಅದಲುಬದಲಾಗುವುದು ಇಂಥ ಹೊತ್ತಿನಲ್ಲೇ. ಸಾಗರಕ್ಕೆ ಹೋಗುವವರು ತಮ್ಮ ಚೀಲದ ಹಿಡಿಗೆ ಬಣ್ಣದ ಬಟ್ಟೆಯ ಚೂರೊಂದನ್ನು ಕಟ್ಟಿಟ್ಟು, ಶಿವಮೊಗ್ಗದಲ್ಲಿ ಒಮ್ಮೆ ಎದ್ದು ನೋಡಿ ಮತ್ತೆ ಮಲಗಬೇಕು. ಬಳಿಕ ಕುಂಸಿ, ಅರಸಾಳು, ಆನಂದಪುರ. ಹಿಂದೆ ಮೀಟರ್ ಗೇಜಿನಲ್ಲಿ ರೈಲುಬಸ್ಸು ಓಡುತ್ತಿದ್ದ ದಾರಿ ಇದು. ಆನಂದಪುರ ಬಿಟ್ಟ ಕೂಡಲೇ ಎದ್ದು ಚಪ್ಪಲಿ ಹಾಕಿಕೊಂಡು ಬಾಗಿಲ ಬಳಿ ಬನ್ನಿ. ಸಾಗರದಲ್ಲಿ ಗಾಡಿ ನಿಲ್ಲುವುದು ಒಂದೆರಡು ನಿಮಿಷ ಮಾತ್ರ, ವಯಸ್ಸಾದವರು ಮಕ್ಕಳು ಜೊತೆಗಿದ್ದರೆ ಅದು ಸಾಲದು. ನಿದ್ದೆಯ ಮೇಲೆ ನಂಬಿಕೆ ಇಲ್ಲದವರು 139ಕ್ಕೆ ಕರೆಮಾಡಿ ನಿಲ್ದಾಣ ಬರುವ ಮುಂಚೆ ಎಬ್ಬಿಸುವ ಸೌಲಭ್ಯ ಹಾಕಿಸಿಕೊಳ್ಳಬಹುದು. ಆದರೂ ಫೋನಿನ ಅಲಾರಾಂ ಬೇರೆಯೇ ಇಟ್ಟುಕೊಳ್ಳಿ, ಕಾಡಿನ ನಡುವೆ ಸಿಗ್ನಲ್ ಹೋದರೆ ಕರೆ ಬರುವುದಿಲ್ಲ. ಮಲಗಿಬಿಟ್ಟು ಸಾಗರ ತಪ್ಪಿದರೆ ಗಾಬರಿ ಬೇಡ. ತಾಳಗುಪ್ಪಕ್ಕೆ ಹಳಿಯೇ ಮುಗಿಯುತ್ತದೆ, ಅಲ್ಲಿಂದ ಸಾಗರದ ಕಡೆಗೆ ಬಸ್ಸಿದೆ.

ದಾರಿ ನೋಡುವ ಆಸೆ ಇರುವವರಿಗೆ ಒಂದು ಮಾತು. ಬೇಸಿಗೆಯಲ್ಲಿ ಆರಕ್ಕೆಲ್ಲ ಬೆಳಕು ಹರಿಯುವುದರಿಂದ ಆನಂದಪುರದಿಂದಾಚೆಯ ಗದ್ದೆ, ಅಡಿಕೆ ತೋಟಗಳ ಮೇಲಿನ ಮಂಜು ಕಾಣುತ್ತದೆ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಏಳರ ಹತ್ತಿರ, ಸಾಗರ ಬಂದರೂ ಹೊರಗೆ ಕತ್ತಲು.

ಸಾಗರ ನಿಲ್ದಾಣ ಪೇಟೆಯ ಅಂಚಿನಲ್ಲಿದೆ. ಗಾಡಿ ಬರುವ ಹೊತ್ತಿಗೆ ಆಟೋಗಳು ಇರುತ್ತವೆ, ಗುಂಪು ಚದುರಿದ ಮೇಲೆ ಸಿಗುವುದು ಕಷ್ಟ. ಚಹಾ ಕುಡಿಯುತ್ತಾ ನಿಲ್ಲದೆ ಮೊದಲು ಆಟೋ ಹಿಡಿಯಿರಿ. ಹಳ್ಳಿ ಬಸ್ಸುಗಳು ಪೇಟೆಯ ಬಸ್ ಸ್ಟ್ಯಾಂಡಿನಿಂದ ಹೊರಡುತ್ತವೆ. ಗೆಳೆಯರ ಮನೆ ಹೆಗ್ಗೋಡು, ಇಕ್ಕೇರಿ, ಕೆಳದಿ ಕಡೆಗಿದ್ದರೆ ಎಲ್ಲವೂ ಹತ್ತು ಕಿಲೋಮೀಟರ್ ಒಳಗೆ, ಆಟೋದಲ್ಲೇ ಹೋಗಬಹುದು. ಶರಾವತಿ ಹಿನ್ನೀರಿನ ಆಚೆ ದಡದವರ ಮನೆಗೆ ಮೊದಲು ಹೊಳೆಬಾಗಿಲಿನ ಲಾಂಚಿಗೆ ಸರದಿಯಲ್ಲಿ ಕಾಯಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಕಾಯುವಿಕೆ ತಪ್ಪಿದೆ. ಆಚೆ ದಡದ ತುಮರಿ ಕಡೆಗೆ ಹೋಗುವವರಿಗೆ ಈ ರೈಲಿನ ಬೆಲೆ ಹೆಚ್ಚಿದ್ದೇ ಸೇತುವೆಯಿಂದ.

ಮನೆ ದಾರಿಯನ್ನು ಹಿಂದಿನ ದಿನವೇ ಕೇಳಿ ಬರೆದುಕೊಳ್ಳಿ: ಯಾವ ಬಸ್ಸು, ಯಾವ ಸ್ಟಾಪು, ಸ್ಟಾಪಿನಿಂದ ಒಳಗೆ ಎಷ್ಟು ದೂರ, ಉಣುಗೋಲು (ದಾರಿಗೆ ಅಡ್ಡ ಹಾಕಿದ ಗಳುಗಳ ಗೇಟು) ದಾಟಿದ ಮೇಲೆ ಎಡವೋ ಬಲವೋ. ಫೋನಿನ ನಕ್ಷೆ ಎಷ್ಟೋ ಸಲ ತೋಟದ ಕಾಲುದಾರಿಯನ್ನೇ ರಸ್ತೆ ಎಂದು ತೋರಿಸುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಮನೆಯಲ್ಲಿ ಲ್ಯಾಂಡ್‌ಲೈನ್ ಇದ್ದರೆ ಆ ನಂಬರೂ ಇರಲಿ.

ಯಾವಾಗ ಹೋಗುವುದು ಎಂಬುದನ್ನು ನಿಮ್ಮ ರಜೆಯಷ್ಟೇ ನಿರ್ಧರಿಸಿದರೆ ಸಾಲದು. ಅಡಿಕೆ ಮನೆಯಾದರೆ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ದಿನಗಳಲ್ಲಿ, ಅಂದರೆ ನವೆಂಬರಿನಿಂದ ಒಂದೆರಡು ತಿಂಗಳು, ಗೆಳೆಯರಿಗೆ ಜೋಗ ತೋರಿಸಲು ಪುರುಸೊತ್ತು ಇರುವುದಿಲ್ಲ. ಹಗಲು ಕೊನೆ ಇಳಿಸುವುದು, ಸಂಜೆಯಾದ ಮೇಲೆ ಸುಲಿತ, ಬೇಯಿಸುವುದು, ಒಣಹಾಕುವುದು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಸಾಲಿನ ಪಕ್ಕ ಕೂತು ಮಾತಾಡುವ ಮನಸ್ಸಿದ್ದರೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ, ಹಳೇ ಮಾತೆಲ್ಲ ಹೊರಬರುವುದು ಅಲ್ಲೇ. ಜೋಗ ನೋಡಲೇಬೇಕಾದರೆ ಸಾಗರದಿಂದ 30 ಕಿಲೋಮೀಟರ್, ಬಸ್ಸು ಹಿಡಿದು ನೀವೇ ಹೋಗಿಬನ್ನಿ. ಮಳೆ ಬಿಡುವು ಕೊಟ್ಟ ದಿನ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವುದಿರುತ್ತದೆ, ಅಂದು ಕೂಡ ಮನೆಯವರನ್ನು ತಿರುಗಾಟಕ್ಕೆ ಎಳೆಯಬಾರದು. ಮಳೆಗಾಲದಲ್ಲಿ ತೋಟಕ್ಕಿಳಿಯುವಾಗ ಉಂಬಳಕ್ಕೆ (ಜಿಗಣೆಗೆ) ಸುಣ್ಣ ಅಥವಾ ಉಪ್ಪು ಕಟ್ಟಿಕೊಳ್ಳಿ. ಚಳಿಗಾಲದಿಂದ ಮೇ ತನಕ ಕಾಡಿನೊಳಗೆ ಹೋಗುವುದಿದ್ದರೆ ಉಣ್ಣಿ ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆಯ ವಿಷಯ ಊರವರನ್ನು ಕೇಳಿಯೇ ಹೆಜ್ಜೆ ಇಡಿ. ಆ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ಪಕ್ಕದ ಸೊರಬ ತಾಲ್ಲೂಕಿನಲ್ಲಿ.

ವಾಪಸಿನ ಗಾಡಿ 16228. ತಾಳಗುಪ್ಪದಿಂದ ರಾತ್ರಿ ಎಂಟು ಒಂಬತ್ತರ ನಡುವೆ ಹೊರಡುವುದರಿಂದ ಮನೆಯವರು ಊಟ ಬಡಿಸಿಯೇ ಕಳುಹಿಸಬಹುದು. ಬೆಂಗಳೂರಿಗೆ ಬರುವುದು ಬೆಳಗಿನ ಜಾವ. ವಾರದ ದಿನಗಳಲ್ಲಿ ಮೆಜೆಸ್ಟಿಕ್ಕಿನಿಂದ ಮೆಟ್ರೊ ಐದರ ಹೊತ್ತಿಗೆ ಶುರು, ಭಾನುವಾರ ಮಾತ್ರ ಏಳಕ್ಕೆ. ಶನಿವಾರ ರಾತ್ರಿ ಹೊರಟವರು ಅದನ್ನು ಲೆಕ್ಕಕ್ಕಿಟ್ಟುಕೊಳ್ಳಬೇಕು.

ಮಲೆನಾಡಿನ ಮನೆಯಿಂದ ಬರಿಗೈಯಲ್ಲಿ ಯಾರನ್ನೂ ಕಳುಹಿಸುವುದಿಲ್ಲ, ಆದ್ದರಿಂದ ಖಾಲಿ ಡಬ್ಬಿಗಳನ್ನು ಹೋಗುವಾಗಲೇ ಒಯ್ಯಿರಿ. ತೊಡೆದೇವು ಎಂಬ ಸಿಹಿತಿಂಡಿಗೆ ಗಟ್ಟಿ ಸ್ಟೀಲ್ ಡಬ್ಬಿಯೇ ಬೇಕು. ಕಾಗದದಷ್ಟು ತೆಳು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಅರಸೀಕೆರೆ ಹೊತ್ತಿಗೆ ಪುಡಿ. ಅಪ್ಪೆಮಿಡಿ ಉಪ್ಪಿನಕಾಯಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು, ಅದರ ಮೇಲೆ ಮುಚ್ಚಳ ತಿರುಗಿಸಿ, ಡಬ್ಬಿಯನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ. ಹೆಚ್ಚು ಜಾಗ್ರತೆ ಬೇಕಾದದ್ದು ಜೋನಿ ಬೆಲ್ಲಕ್ಕೆ, ಅಂದರೆ ನೀರಾದ ಬೆಲ್ಲಕ್ಕೆ. ಆಲೆಮನೆಯಿಂದ ಹೊಸದಾಗಿ ಬಂದದ್ದು ಬಿಸಿಗೆ ಹುಳಿಯೆದ್ದು ಉಬ್ಬುತ್ತದೆ, ಕಂಠದ ತನಕ ತುಂಬಿದ ಬಾಟಲಿಯ ಮುಚ್ಚಳ ಹಾರುತ್ತದೆ. ನಾಲ್ಕು ಬೆರಳು ಜಾಗ ಬಿಟ್ಟು ತುಂಬಿಸಿ, ಬಾಟಲಿಯನ್ನು ಬಕೆಟ್ಟಿನಲ್ಲಿ ನೆಟ್ಟಗೆ ನಿಲ್ಲಿಸಿ, ಕೆಳಗಿನ ಸೀಟಿನಡಿಗೆ ತಳ್ಳಿ. ಮೇಲಿನ ಬರ್ತಿಗೆ ಮಾತ್ರ ಒಯ್ಯಬೇಡಿ, ಸೋರಿದರೆ ಕೆಳಗೆ ಮಲಗಿರುವುದು ಬೇರೆ ಮನೆಯವರು.