ಕಪ್ಪು ಬಿಟ್ಟು ಕಂದು ಕಾಡಿಗೆ ಹಿಡಿದೆ

ಹೋದ ಮೇ ತಿಂಗಳಲ್ಲಿ ಕಾರವಾರಕ್ಕೆ ಮದುವೆಗೆ ಹೋಗಿದ್ದೆ. ನ್ಯಾಚುರಲ್ ಲುಕ್ ಅಂತ ಹೇಳಿ ಪಾರ್ಲರಿನವರು ಮೇಲೆ ಕೆಳಗೆ ದಪ್ಪಗೆ ಕಪ್ಪು ಕಾಡಿಗೆ ಎಳೆದಿದ್ದರು. ಶಿರಸಿಯಲ್ಲಿ ಹೇಗೋ ನಿಲ್ಲುತ್ತಿತ್ತೇನೋ. ಕಡಲ ಬದಿಯ ಬೆವರಿಗೆ ನಿಲ್ಲುತ್ತದಾ? ಊಟದ ಪಂಕ್ತಿಯಲ್ಲಿ ಅತ್ತೆ ನನ್ನ ಮುಖ ನೋಡಿ, "ಏನೇ, ರಾತ್ರಿ ನಿದ್ದೆ ಬರ್ಲಿಲ್ವಾ?" ಅಂದರು.

ಆಮೇಲೆ ಶಿರಸಿಯ ಫ್ಯಾನ್ಸಿ ಅಂಗಡಿಯಲ್ಲಿ ಕಂದು ಬಣ್ಣದ ವಾಟರ್‌ಪ್ರೂಫ್ ಪೆನ್ಸಿಲ್ ಕಾಡಿಗೆ ತಂದೆ. 180 ರೂಪಾಯಿ. ನಮ್ಮಂಥ ಗೋಧಿ ಬಣ್ಣಕ್ಕೆ ಕಪ್ಪಿಗಿಂತ ಇದೇ ಚಂದ. ಹಚ್ಚಿದ್ದು ಗೊತ್ತೇ ಆಗುವುದಿಲ್ಲ, ಕಣ್ಣು ಮಾತ್ರ ಎದ್ದು ಕಾಣುತ್ತದೆ.

ಗೆರೆ ಎಳೆಯಬೇಡಿ. ಮೇಲಿನ ರೆಪ್ಪೆಗೂದಲ ಬುಡದಲ್ಲಿ ಚುಕ್ಕೆ ಚುಕ್ಕೆ ಇಟ್ಟು, ಇಯರ್‌ಬಡ್‌ನಿಂದ ಮೆಲ್ಲಗೆ ತಿಕ್ಕಿ. ಅರ್ಧ ನಿಮಿಷದೊಳಗೆ ಮಾಡಬೇಕು, ಒಣಗಿದರೆ ಜಪ್ಪಯ್ಯ ಅಂದರೂ ಹರಡುವುದಿಲ್ಲ. ಕೆಳಗೆ ಏನೂ ಬೇಡ, ಚೂರು ಪೌಡರ್ ಸಾಕು. ಮಸ್ಕರಾ ಒಂದೇ ಸಲ, ಅದೂ ಬ್ರಷ್ಷನ್ನು ಟಿಶ್ಯೂಗೆ ಒರೆಸಿಕೊಂಡು. ಇಲ್ಲದಿದ್ದರೆ ಕೂದಲು ಅಂಟಿಕೊಂಡು ಜೇಡನ ಕಾಲಿನ ಹಾಗೆ ಕಾಣುತ್ತದೆ.

ಮೊನ್ನೆ ಕುಮಟಾದಲ್ಲಿ ಉಪನಯನವಿತ್ತು. ಬೆಳಿಗ್ಗೆ 8ಕ್ಕೆ ಹಚ್ಚಿದ್ದು ಸಂಜೆ ಬಸ್ ಹತ್ತುವವರೆಗೂ ಹಾಗೇ ಇತ್ತು. ಮೂಲೆಯಲ್ಲಿ ಸ್ವಲ್ಪ ಮಾಸಿತ್ತು, ಅಷ್ಟೇ.

ತಕರಾರೂ ಇದೆ. ಸೆಕೆಗೆ ಪೆನ್ಸಿಲ್ ಮೆತ್ತಗಾಗಿ, ಚೂಪು ಮಾಡುವಾಗ ತುದಿ ಮುರಿಯುತ್ತದೆ. ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಸರಿ. ಮುಚ್ಚಳ ಎರಡೇ ವಾರಕ್ಕೆ ಸೀಳಿತು. ನೀರಿಗೆ ಜಗ್ಗುವುದಿಲ್ಲ, ರಾತ್ರಿ ಕೊಬ್ಬರಿ ಎಣ್ಣೆಯಲ್ಲೇ ಒರೆಸಬೇಕು. ಮುಗಿದ ಮೇಲೆ ಮತ್ತೆ ಇದನ್ನೇ ತರುತ್ತೇನೆ, ಮುಚ್ಚಳ ನೋಡಿಕೊಂಡು.