ಹಾಪ್‌ಕಾಮ್ಸ್ ತರಕಾರಿ, ನಮ್ಮನೆ ಲೆಕ್ಕ
ಮೂರು ತಿಂಗಳಿಂದ ತರಕಾರಿ ಎಲ್ಲಾ ಹಾಪ್‌ಕಾಮ್ಸ್ ಅಂಗಡಿಯಿಂದಲೇ. ಮುಂಚೆ ಯಾವ್ದೋ ಆಪ್‌ನಲ್ಲಿ ಒಂದು ಕಟ್ಟು ಕೊತ್ತಂಬರಿಗೂ ಆರ್ಡರ್ ಮಾಡಿ, ಡೆಲಿವರಿ ಚಾರ್ಜು ಅದು ಇದು ಕಟ್ಟಿ, ಜೊತೆಗೆ ಬೇಡದ ಚಿಪ್ಸು ಬೇರೆ ತರಿಸ್ಕೊಂಡು ತಿಂಗಳ ಕೊನೆಗೆ ತಲೆ ಕೆರ್ಕೊಳ್ತಿದ್ವಿ. ಈಗ ಶನಿವಾರ ರಾತ್ರಿನೇ ಚೀಟಿ ರೆಡಿ. ಸೋಮವಾರ ಬಸ್ಸಾರು ಅಂದ್ರೆ ಅದೇ ದಂಟಿನ ಸೊಪ್ಪಲ್ಲಿ ಪಲ್ಯನೂ ಆಗೋಗುತ್ತೆ, ಮಂಗಳವಾರ ಬದನೆಕಾಯಿ ಹುಳಿ, ಮಿಕ್ಕಿದ ಬದನೆಕಾಯಿ ಬುಧವಾರ ವಾಂಗೀಬಾತಿಗೆ. ಹಾಪ್‌ಕಾಮ್ಸ್ ಅಂದ್ರೆ 1959ರಲ್ಲಿ ಶುರುವಾದ ಬೆಳೆಗಾರರ ಸಹಕಾರ ಸಂಘ, ರೇಟು ಬೋರ್ಡ್ ಮೇಲೇ ಇರುತ್ತೆ, ಚೌಕಾಸಿ ಗೋಳಿಲ್ಲ, ಕಾಲು ಕೆಜಿ ಬೀನ್ಸ್ ಕೇಳಿದ್ರೂ ಮುಖ ಸಿಂಡರಿಸಲ್ಲ. ತಿಂಗಳಿಗೆ 700-800 ರೂಪಾಯಿ ಉಳೀತಿದೆ. ಸೊಪ್ಪು ಬೇಕಂದ್ರೆ ಬೆಳಗ್ಗೇನೇ ಹೋಗಿ, ಬ್ಯಾಗ್ ಮರೀಬೇಡಿ.